ಮಲ್ಲಿಕಸಾಬ ತೆರೆಸದ ಕಣ್ಣು

ಶಿಗ್ಗಾಂವಿಯ ಹಳೇ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ಮಲ್ಲಿಕಸಾಬನಿಗೆ ಈ ತಾಲೂಕಿನಲ್ಲಿ ಬದುಕಿದವರಿಗಿಂತ ಸತ್ತವರ ಪರಿಚಯ ಜಾಸ್ತಿ. ಹಾಗೆಂದು ಅವನೇನು ಮಂತ್ರವಾದಿಯಲ್ಲ. ಅವನ ಕಸುಬೇ ಅಂಥದ್ದು. ನಮ್ಮ ಕಡೆಯ ಶಿವಭಕ್ತರ ಮನೆಗಳಲ್ಲಿ ಯಾರಾದರೂ ತೀರಿಕೊಂಡರೆ ಮಲಗಿಸುವುದಿಲ್ಲ. ಗೋಡೆಗೆ ಆನಿಸಿ, ಹಣೆಗೆ ವಿಭೂತಿ ಹಚ್ಚಿ, ಕೂರಿಸುತ್ತಾರೆ. ಬದುಕಿದ್ದಾಗ ಕ್ಯಾಮೆರಾದ ಮುಂದೆ ನಿಲ್ಲಲು ಪುರುಸೊತ್ತಿಲ್ಲದೆ ಹೋದವರಿಗೆ ಆಗ ತೆಗೆದದ್ದೇ ಮೊದಲ ಫೋಟೋ, ಅದೇ ಕೊನೆಯದು. ಆದರೆ ಕಣ್ಣು ಮುಚ್ಚಿದ ಹಿರಿಯರನ್ನು ಪಡಸಾಲೆಯ ಗೋಡೆಗೆ ತೂಗುಹಾಕುವುದು ಹೇಗೆ? ಅದಕ್ಕಾಗಿ ಮಲ್ಲಿಕಸಾಬನ ಬಳಿ ಬರುತ್ತಿದ್ದರು. ಅವನು ಸತ್ತವರ ಮಗನನ್ನೋ ಮಗಳನ್ನೋ ಎದುರಿಗೆ ಸ್ಟೂಲಿನ ಮೇಲೆ ಕೂರಿಸಿ, ಅವರ ಕಣ್ಣನ್ನು ನೋಡಿ ನೋಡಿ, ಸಣ್ಣ ಕುಂಚದಿಂದ ಫೋಟೋದ ಮುಚ್ಚಿದ ರೆಪ್ಪೆಯ ಮೇಲೆ ತೆರೆದ ಕಣ್ಣು ಬರೆದುಕೊಡುತ್ತಿದ್ದ.

"ಮಲ್ಲಿಕಸಾಬ ಕಣ್ಣು ತೆರೆಸಿದ್ರ ಸತ್ತಾಂವ ಸೈತ ಚಾ ಕೇಳ್ತಾನ" ಎಂದು ಸಂತೆಯಲ್ಲಿ ಜನ ಆಡಿಕೊಳ್ಳುತ್ತಿದ್ದರು. ಅದನ್ನು ಮೊದಲು ಅಂದವರು ಯಾರೆಂದು ವಿಚಾರಿಸುತ್ತ ಹೋದರೆ ಮಲ್ಲಿಕಸಾಬನ ಅಂಗಡಿಗೇ ಬಂದು ನಿಲ್ಲಬೇಕಾದೀತು, ಅದು ಬೇರೆ ಮಾತು. ಕೈ ಮಾತ್ರ ನಿಜವಾಗಿಯೂ ಚೆನ್ನಾಗಿತ್ತು. ಒಂದೇ ಒಂದು ಐಬು. ಅವನು ಬರೆದ ಪ್ರತಿಯೊಂದು ಕಣ್ಣಿನ ಗುಡ್ಡೆಯಲ್ಲೂ ಮೇಲೆ ಎಡಕ್ಕೆ ಒಂದು ಬಿಳಿ ಚುಕ್ಕೆ ಇರುತ್ತಿತ್ತು. ಸ್ಟುಡಿಯೋಕ್ಕೆ ಇರುವುದು ಒಂದೇ ಕಿಟಕಿ. ಸ್ಟೂಲಿನ ಮೇಲೆ ಕೂತವರ ಕಣ್ಣಲ್ಲಿ ಅದೇ ಹೊಳೆಯುತ್ತಿತ್ತು. ಹಾಗಾಗಿ ತಾಲೂಕಿನ ಸತ್ತ ಹಿರಿಯರೆಲ್ಲ ಇಂದಿಗೂ ತಮ್ಮ ತಮ್ಮ ಮನೆಯ ಗೋಡೆಯ ಮೇಲಿಂದ ಮಲ್ಲಿಕಸಾಬನ ಕಿಟಕಿಯನ್ನೇ ನೋಡುತ್ತಿದ್ದಾರೆ.

ಈಗ ಆ ಕೆಲಸವನ್ನು ಮಗಳು ಫರ್ಹತ ಕಂಪ್ಯೂಟರಿನಲ್ಲಿ ಹತ್ತು ನಿಮಿಷಕ್ಕೆ ಮುಗಿಸುತ್ತಾಳೆ. ಮೂರು ವರ್ಷದಿಂದ ಕುಂಚದ ಕೆಲಸ ಕೇಳಿಕೊಂಡು ಯಾರೂ ಬಂದಿರಲಿಲ್ಲ. ಆದರೂ ಪ್ರತಿ ಶುಕ್ರವಾರ ನಮಾಜಿನಿಂದ ಬಂದವನೇ ಕುಂಚಗಳನ್ನು ತೊಳೆದು, ತುದಿ ಚೂಪು ಮಾಡಿ, ಡಬ್ಬಿಯಲ್ಲಿ ಇಡುತ್ತಿದ್ದ. ಫರ್ಹತ ನೋಡಿಯೂ ನೋಡದಂತೆ ಇರುತ್ತಿದ್ದಳು.

ಇಂಥಾ ಹೊತ್ತಿನಲ್ಲಿ ಒಂದು ಬುಧವಾರ ಹಿರೇಬೆಂಡಿಗೇರಿಯ ದ್ಯಾಮಪ್ಪಗೌಡ, ಜಮಖಾನೆ ಸುತ್ತಿದ ದೊಡ್ಡದೊಂದು ಚೌಕಟ್ಟನ್ನು ಹೊತ್ತುಕೊಂಡು ಒಳಗೆ ಬಂದ.

"ಸಾಬರ, ಇದನ್ನೊಂದೀಟು ಬದುಕಿಸಿ ಕೊಡ್ರಿ."

"ಯಾರು ಹೋದ್ರಿ ಗೌಡ್ರ?" ಎಂದು ಮಲ್ಲಿಕಸಾಬ ಕಸುಬಿನ ಚಾಳಿಯಂತೆ ದನಿ ತಗ್ಗಿಸಿದ.

"ಯಾರೂ ಹೋಗಿಲ್ರಿ! ಅದಽ ಫಜೀತಿ ಆಗೇತಿ."

ಜಮಖಾನೆ ಸರಿಸಿದರೆ ಒಳಗೆ ಫೋಟೋ ಅಲ್ಲ, ಬಣ್ಣದ ಚಿತ್ರ. ಗೌಡನ ಹೆಂಡತಿ ಸರೋಜವ್ವ ಕುರ್ಚಿಯಲ್ಲಿ ಕೂತು, ತಲೆಯನ್ನು ಹಿಂದಿನ ಗೋಡೆಗೆ ಆನಿಸಿ, ಹಣೆ ತುಂಬ ವಿಭೂತಿಯಲ್ಲಿ ಕಣ್ಣು ಮುಚ್ಚಿದ್ದಳು. ಬಾಯಿ ಚೂರು ತೆರೆದಿತ್ತು. ಬೇರೆ ಊರಿನವರಾಗಿದ್ದರೆ ಹೆಂಗಸು ನಿದ್ದೆ ಮಾಡುತ್ತಿದ್ದಾಳೆ ಎನ್ನುತ್ತಿದ್ದರು. ಮಲ್ಲಿಕಸಾಬ ಮಾತ್ರ ಯಾರೂ ಸತ್ತಿಲ್ಲವೆಂದು ಈಗಷ್ಟೇ ಕೇಳಿದ್ದರೂ ಹೆಣದ ಮುಂದೆ ನಿಂತವನಂತೆ ಟೋಪಿ ಸರಿಮಾಡಿಕೊಂಡ.

"ನೋಡಿದ್ರಿಲ್ಲೊ? ನಿಮಗಽ ಹಂಗ ಅನಸ್ತು. ಇನ್ನ ಊರ ಮಂದೀಗೆ?" ಎಂದು ದ್ಯಾಮಪ್ಪ ಸ್ಟೂಲಿನ ಮೇಲೆ ಕುಸಿದ.

ಕತೆ ಇಷ್ಟೆ. ಸವಣೂರಿನ ಆಚಾರ್ಯರ ಮನೆತನದ ಪ್ರಿಯಂವದಾ ಇಲ್ಲಿನ ಕಾಲೇಜಿನಲ್ಲಿ ಚಿತ್ರಕಲೆ ಕಲಿಸುತ್ತಾಳೆ. ಅಜ್ಜ ಮಠದಲ್ಲಿ ಪುರಾಣ ಹೇಳಿದರು, ಅಪ್ಪ ಬ್ಯಾಂಕಿನಲ್ಲಿ ಸಹಿ ಹಾಕಿದರು, ಈಕೆ ಮುಖ ಬರೆಯಲು ಕೂತಳು. ಹಾನಗಲ್ಲು, ಸವಣೂರು, ಹಿರೇಕೆರೂರು, ಶಿಗ್ಗಾಂವಿ ಸೀಮೆಯ ಹನ್ನೆರಡು ಹೆಂಗಸರ ಚಿತ್ರ ಬರೆದು, ಹಾನಗಲ್ಲಿನಲ್ಲಿ ಪ್ರದರ್ಶನಕ್ಕಿಟ್ಟು, ಆಮೇಲೆ ಅವರವರ ಚಿತ್ರವನ್ನು ಅವರವರಿಗೇ ಕೊಡುವುದು ಅವಳ ಯೋಜನೆ. ದ್ಯಾಮಪ್ಪ ಕೂಡಲೇ ಹೂಂ ಅಂದಿದ್ದ. ಹೊಸ ಮನೆಯ ಪಡಸಾಲೆಯಲ್ಲಿ ಎರಡು ಮೊಳೆ ಹೊಡೆಸಿದ್ದ. ಒಂದಕ್ಕೆ ಅವನ ಫೋಟೋ ಆಗಲೇ ಬಿದ್ದಿತ್ತು. ಮೂರು ವರ್ಷದ ಹಿಂದೆ ಅದರ ಮೇಲೆ ಕುಂಚ ಆಡಿಸಿದವನು ಮಲ್ಲಿಕಸಾಬನೇ. ಯಾರದೋ ಕೋಟು, ಯಾರದೋ ರುಮಾಲು, ಮತ್ತು "ಸಣ್ಣ ಕಣ್ಣಾಗ ಹಿರೇತನ ಕಾಣಂಗಿಲ್ರಿ" ಎಂದು ಗೌಡನೇ ಹೇಳಿ ದೊಡ್ಡದು ಮಾಡಿಸಿಕೊಂಡ ಕಣ್ಣು. ಇನ್ನೊಂದು ಮೊಳೆಗೆ ಜೋಡಿಯಾಗಲಿ ಎಂದು ಹೆಂಡತಿಯನ್ನು ಒಂಬತ್ತು ಶನಿವಾರ ಗಾಡಿಯ ಮೇಲೆ ಕೂರಿಸಿಕೊಂಡು ಬಂದು ಪ್ರಿಯಂವದಾಳ ಕೋಣೆಗೆ ಬಿಟ್ಟಿದ್ದ.

ಹಾನಗಲ್ಲಿನಲ್ಲಿ ಯಾರೋ ಈ ಚಿತ್ರವನ್ನು ಮೊಬೈಲಿನಲ್ಲಿ ಹಿಡಿದರು. ಅದು ಹಿರೇಕೆರೂರಿನ ನೆಂಟನೊಬ್ಬನ ಕೈಗೆ ಬಂತು. ಅವನು ಹಿಂದೆ ಮುಂದೆ ನೋಡದೆ ನೆಂಟರ ವಾಟ್ಸಾಪ್ ಗುಂಪಿನಲ್ಲಿ "ಸರೋಜವ್ವ ಲಿಂಗೈಕ್ಯ, ಓಂ ಶಾಂತಿ" ಎಂದು ಹಾಕಿಬಿಟ್ಟ. ಯಾರಾದರೂ ಹೌದೇನು ಎಂದು ಕೇಳುವಷ್ಟರಲ್ಲಿ ಮೂವತ್ತೇಳು ಮಂದಿ ಕೈ ಮುಗಿದಾಗಿತ್ತು. ಇಬ್ಬರು ನೆಂಟರು ಹಾರ ಹಿಡಿದು ಬಂದೇ ಬಿಟ್ಟರು. ಅವರಿಗೆ ಬಾಗಿಲು ತೆಗೆದವಳು ಸರೋಜವ್ವ. ಚಹಾ ಮಾಡಿ ಕೊಟ್ಟವಳೂ ಅವಳೇ.

"ಬರೂ ಆಯ್ತವಾರ ನಮ್ಮ ಮಗ ಸುದೀಪಗ ರಟ್ಟೀಹಳ್ಳಿಯಿಂದ ಹೆಣ್ಣಿನವರು ಮನಿ ನೋಡಾಕ ಬರಾಕತ್ತಾರ," ಎಂದ ದ್ಯಾಮಪ್ಪ. "ಹುಡುಗಿ ತಾನೂ ಬರ್ತಾಳಂತ, ಹೈಸ್ಕೂಲ ಟೀಚರು. ಹಗಲು ಮಲಗೋ ಹೆಣ್ಣಿನ ಮನ್ಯಾಗ ಲಕ್ಷ್ಮಿ ನಿಂದ್ರಂಗಿಲ್ಲ ಅಂತಾರ ಮಂದಿ. ಅಂಥಾದ್ರಾಗ ಗ್ವಾಡಿಗೆ ಹಾಕಿ ಡಂಗುರ ಹೊಡೀಲೇನು? ಕಣ್ಣು ತೆರೆಸಿಬಿಡ್ರಿ. ಸತ್ತಾವ್ರಿಗೆ ತೆರೆಸೀರಿ, ಬದುಕಿದಾಕೀಗೆ ಆಗಂಗಿಲ್ಲೇನು?"

ಆಗಂಗಿಲ್ಲೇನು! ಹಸಿದವನಿಗೆ ಊಟ ಮಾಡ್ತೀಯೇನು ಎಂದು ಕೇಳಿದಂತಾಯಿತು. "ಶುಕ್ರವಾರ ಸಂಜೀ ಒಳಗ ಮುಗಿಸಿಬಿಡ್ತೇನಿ" ಎಂದು ಮಲ್ಲಿಕಸಾಬ ಮಾತು ಕೊಟ್ಟೇಬಿಟ್ಟ.

"ಅಬ್ಬಾಜಾನ, ನಿಮ್ಮ ಕುಂಚಕ್ಕ ಈ ವರ್ಷ ಮೂರು ಈದ್" ಎಂದು ಫರ್ಹತ ಕಂಪ್ಯೂಟರಿನ ಹಿಂದಿನಿಂದ ನಕ್ಕಳು.

ಮರುದಿನ ಬೆಳಗ್ಗೆ ಅವನು ಚಿತ್ರವನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ಕನ್ನಡಕ ಏರಿಸಿ, ಮೊದಲು ತಪ್ಪು ಹುಡುಕಿದ. ಒಬ್ಬ ಕಸುಬುದಾರ ಇನ್ನೊಬ್ಬನ ಕೆಲಸ ನೋಡುವ ಪದ್ಧತಿಯೇ ಅದು. ತಪ್ಪಿಗೇನೂ ಬರವಿರಲಿಲ್ಲ. ಗದ್ದದ ಕೆಳಗೆ ಹಸಿರು ಬಣ್ಣ ಇತ್ತು. ಮನುಷ್ಯರ ಗದ್ದ ಹಸಿರಾಗಿರುತ್ತದೆಯೇ? ಕುಂಚ ಆಡಿದ ಗೆರೆಗಳನ್ನು ಹಾಗೆಯೇ ಬಿಟ್ಟಿದ್ದಳು, ಸಗಣಿ ಸಾರಿಸಿದ ನೆಲದಲ್ಲಿ ಬೆರಳಿನ ಗುರುತು ಉಳಿದ ಹಾಗೆ. ಬಂಗಾರದ ಸರಕ್ಕೆ ಹೊಳಪೇ ಇಲ್ಲ. "ಕಾಲೇಜಿನಾಗ ಇದನ್ನ ಕಲಿಸಾಕ ಪಗಾರ ಬ್ಯಾರೆ" ಎಂದುಕೊಂಡ.

ಆಮೇಲೆ ಕಣ್ಣಿಗೆ ಬಂದ. ರೆಪ್ಪೆಯ ಅಳತೆ ತೆಗೆದುಕೊಳ್ಳಲು ಬಗ್ಗಿದವನು ಬಗ್ಗಿದಂತೆಯೇ ನಿಂತ.

ನಲವತ್ತು ವರ್ಷ ಮುಚ್ಚಿದ ಕಣ್ಣನ್ನೇ ನೋಡಿದವನು ಅವನು. ಸತ್ತವರ ರೆಪ್ಪೆ ಹೇಗಿರುತ್ತದೆ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅದು ಅಂಗಡಿಯ ಮುಚ್ಚಿದ ಬಾಗಿಲು, ಹಿಂದೆ ಯಾರೂ ಇರುವುದಿಲ್ಲ. ಈ ರೆಪ್ಪೆಯ ಹಿಂದೆ ಗುಡ್ಡೆ ಇತ್ತು. ಸ್ವಲ್ಪ ಬಲಕ್ಕೆ ಹೊರಳಿತ್ತು. ಈ ಹುಡುಗಿ ಮೊದಲು ಕಣ್ಣು ಬರೆದು ಆಮೇಲೆ ಅದರ ಮೇಲೆ ರೆಪ್ಪೆ ಎಳೆದಿದ್ದಾಳೆ ಎಂದು ಅವನಿಗೆ ಖಾತ್ರಿಯಾಯಿತು. ಮಡಿಲಲ್ಲಿದ್ದ ಬಲಗೈಯನ್ನು ನೋಡಿದ. ಬೆರಳು ಒಳಗೆ ಬಾಗಿದ್ದವು, ರೊಟ್ಟಿಯ ಹಿಟ್ಟಿನ ಉಂಡೆ ಹಿಡಿದು ಹಿಡಿದು ಖಾಲಿ ಇದ್ದಾಗಲೂ ಬಿಚ್ಚಿಕೊಳ್ಳಲು ಮರೆತ ಹಾಗೆ. ಅವನು ಕುಂಚವನ್ನು ಎತ್ತಿಕೊಂಡ, ಇಟ್ಟ, ಮತ್ತೆ ಎತ್ತಿಕೊಂಡ. ಕಡೆಗೆ ಮಗಳನ್ನು ಕರೆದು, "ಆ ಚಿತ್ರ ಬರದ ಟೀಚರ ಬಾಯಾರಿಗೆ ಒಂದು ಫೋನ್ ಹಚ್ಚು" ಎಂದ.

ಪ್ರಿಯಂವದಾ ಮಧ್ಯಾಹ್ನ ಕಾಲೇಜು ಮುಗಿಸಿ ತಾನೇ ಬಂದಳು. ಕೈಗೆ ಇನ್ನೂ ಬಣ್ಣ ಮೆತ್ತಿತ್ತು. ಕಣ್ಣು ತೆರೆಸುವ ಮಾತು ಕೇಳಿ ಸಿಟ್ಟಾಗುತ್ತಾಳೆ ಎಂದು ಮಲ್ಲಿಕಸಾಬ ಕಾದಿದ್ದ, ಒಳಗೊಳಗೇ ಆಸೆಯನ್ನೂ ಪಟ್ಟಿದ್ದ. ಜಗಳಕ್ಕೆ ಬಂದರೆ ತೆರೆಸುವುದು ಸಲೀಸು.

"ನಾನೂ ಮೊದಲ ತೆರೆದ ಕಣ್ಣೇ ಬರೆದಿದ್ದೆ ಕಾಕಾ, ಮೂರು ಸಲ," ಎಂದಳು ಅವಳು ಸ್ಟೂಲಿನ ಮೇಲೆ ಕೂತು. "ಮೂರೂ ಸಲ ಅವರು ಬಾಗಲಾನೇ ನೋಡಲಿಕ್ಕೆ ಹತ್ತಿದ್ರು. ಯಾರರ ಕರೀತಾರೇನೋ ಅಂತ. ಅದು ಅವರ ಮುಖ ಆಗಿರಲಿಲ್ಲ, ಕರಿಯೋ ಮಂದಿಗೆ ಓ ಅನ್ನೋ ಮುಖ ಆಗಿತ್ತು. ಕಡೀಕ ಅವರಿಗೆ ನಿದ್ದಿ ಹತ್ತಿತು. ಆವಾಗ ಒಬ್ಬಾಕಿ ಬ್ಯಾರೆ ಸರೋಜವ್ವ ಬಂದು ಕೂತಂಗ ಆತು. ಹನ್ನೆರಡು ಮಂದಿ ಒಳಗ ನನಗ ಖರೇ ಸಿಕ್ಕಾಕಿ ಅಂದ್ರ ಅಕಿ ಒಬ್ಬಾಕೀನೇ."

"ಹಂಗಾರ ತೆರೆಸಬ್ಯಾಡ ಅಂತೀರೇನ್ರಿ?"

"ಚಿತ್ರ ಈಗ ನಂದಲ್ಲಲ್ಲ. ಕಣ್ಣು ಯಾರದೋ ಅವರನ್ನ ಕೇಳ್ರಿ."

ಮಲ್ಲಿಕಸಾಬನಿಗೆ ಇದು ತೀರಾ ಹೊಸದು. ಇಷ್ಟು ವರ್ಷದಲ್ಲಿ ನೂರಾರು ಕಣ್ಣು ತೆರೆಸಿದ್ದ, ಒಬ್ಬರನ್ನೂ ಕೇಳಿರಲಿಲ್ಲ. ಕೇಳೋಣವೆಂದರೆ ಅವರು ಉತ್ತರ ಕೊಡುವ ಸ್ಥಿತಿಯಲ್ಲೂ ಇರುತ್ತಿರಲಿಲ್ಲ.

ಶುಕ್ರವಾರ ಕಳೆಯಿತು. ಶನಿವಾರ ಮುಂಜಾನೆ ಕುಂಚದ ಡಬ್ಬಿ, ಬಣ್ಣ, ಚಿತ್ರ ಎಲ್ಲವನ್ನೂ ಟಂಟಂ ಆಟೋದಲ್ಲಿ ಹೇರಿಕೊಂಡು ಹಿರೇಬೆಂಡಿಗೇರಿಗೆ ಹೊರಟ. ಸರೋಜವ್ವನನ್ನು ಎದುರಿಗೆ ಕೂರಿಸಿಕೊಂಡು ಅವಳ ಕಣ್ಣನ್ನೇ ನೋಡಿ ಬರೆದುಬಿಡುವುದು, ಹಾಗೇ ಒಂದು ಮಾತು ಕೇಳಿಯೂ ಬಿಡುವುದು ಎಂದು ಲೆಕ್ಕ ಹಾಕಿದ್ದ. ದ್ಯಾಮಪ್ಪ ನಾಳಿನ ಬೀಗರಿಗೆ ಸಿಹಿ ತರಲು ಪೇಟೆಗೆ ಹೋಗಿದ್ದ.

"ಅಕ್ಕಾರ, ಇಲ್ಲಿ ಒಂದು ಹತ್ತು ನಿಮಿಷ ನನ್ನ ಎದುರಿಗೆ ಕುಂತ್ರಿ ಅಂದ್ರ ಆತು" ಎಂದ.

ಸರೋಜವ್ವ ಕೂತಳು. ಕೂತಳು ಎಂದರೆ ಕುರ್ಚಿಯ ಅಂಚಿಗೆ ತಾಗಿದಳು. ಅಷ್ಟರಲ್ಲಿ ಹಾಲಿನ ನೆನಪಾಗಿ ಎದ್ದಳು. ಬಂದು ಕೂತಳು, ಹಿತ್ತಲಲ್ಲಿ ಎಮ್ಮೆ ಕೂಗಿತು. ಮತ್ತೆ ಬಂದಳು, ಆಳುಮಗಳು ಸಿದ್ದವ್ವ ಜೋಳ ಎಷ್ಟು ಹಸನು ಮಾಡಲಿ ಎಂದು ಕೇಳಿದಳು. ಪ್ರತಿ ಸಲ ಬಂದು ಕೂತಾಗಲೂ ಸೆರಗು ಸರಿ ಮಾಡಿಕೊಂಡು "ಹೂಂ ಬರೀರಿ" ಎನ್ನುತ್ತಿದ್ದಳು. ಕಣ್ಣು ಮಾತ್ರ ಅಡುಗೆಮನೆಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಬೀದಿಬಾಗಿಲಿಗೆ ಓಡಾಡುತ್ತಿತ್ತು. ಮಲ್ಲಿಕಸಾಬನ ಕೈಗೆ ಅದು ಸಿಗಲೇ ಇಲ್ಲ. ಸತ್ತವರ ಕಣ್ಣು ತೆರೆಸುವುದೇ ಎಷ್ಟೋ ಸಸಾರ ಎನಿಸಿತು ಅವನಿಗೆ.

"ಅಲ್ರಿ ಅಕ್ಕಾರ, ಅಲ್ಲಿ ಹೆಂಗ ನಿದ್ದಿ ಹತ್ತಿತ್ರಿ ನಿಮಗ?" ಎಂದು ಕಡೆಗೆ ಕೇಳಿಯೇಬಿಟ್ಟ.

ಸರೋಜವ್ವ ಬಾಗಿಲ ಕಡೆ ಒಮ್ಮೆ ನೋಡಿ ದನಿ ಇಳಿಸಿದಳು. "ಆ ಹುಡುಗಿ ಅಂತು, ಅವ್ವಾರ, ನೀವೇನೂ ಮಾಡಬ್ಯಾಡ್ರಿ, ಸುಮ್ಮನ ಕುಂತ್ರಿ, ಕೆಲಸಾ ನಂದು ಅಂತ. ಈ ಮನೀಗೆ ಬಂದು ಮೂವತ್ತೊಂದು ವರ್ಷ ಆತ್ರಿ ಅಣ್ಣಾರ. ಹಂಗಂತ ನನಗ ಯಾರೂ ಅಂದಿರಲಿಲ್ಲ. ಫ್ಯಾನ ತಿರಗಾಕತ್ತಿತ್ತು. ಯಾವಾಗ ಕಣ್ಣು ಹತ್ತಿತೋ ಗೊತ್ತಽ ಆಗಲಿಲ್ಲ. ಎದ್ದು ಅಂಜಿಬಿಟ್ಟೆ. ಆಕಿ ನಕ್ಕು, ಮಲಗ್ರಿ, ನಿಮ್ಮ ನಿದ್ದೀನಽ ನನಗ ಬೇಕಾಗೇತಿ ಅಂದ್ಳು."

ಅವಳ ಮುಖದ ಮೇಲೆ ಕಳ್ಳತನದ ನಗೆ ಬಂತು.

"ಯಾರ ಮುಂದೂ ಅನಬ್ಯಾಡ್ರಿ. ಚಿತ್ರ ಐದು ವಾರದಾಗ ಮುಗದಿತ್ತು. ಮುಂದಿನ ನಾಕು ಶನಿವಾರ ನಾ ಬರೇ ಮಲಗಾಕ ಹೋಗಿದ್ದೆ. ಇವರಿಗೆ ಇನ್ನೂ ಕೈ ಬರಿಯೋದು ಐತಂತ, ಸೆರಗು ಬರಿಯೋದು ಐತಂತ ಅಂತ ಹೇಳಿದ್ದೆ."

ಮಲ್ಲಿಕಸಾಬ ಗಟ್ಟಿಯಾಗಿ ನಕ್ಕ. ಅವಳೂ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ನಗೆ ಮುಗಿದ ಮೇಲೆ ಗೋಡೆಗೆ ಒರಗಿಸಿದ್ದ ತನ್ನ ಚಿತ್ರವನ್ನು ನೋಡುತ್ತ ಕೂತಳು. ಅಡುಗೆಮನೆಯಲ್ಲಿ ಏನೋ ಸಪ್ಪಳವಾಯಿತು. ಈ ಸಲ ಅವಳು ಏಳಲಿಲ್ಲ.

"ತೆರೆಸ್ಲೇನ್ರಿ ಅಕ್ಕಾರ?"

"ಅವರಿಗೆ ಮಂದಿ ಮುಂದ ತಲಿ ತಗ್ಗಿಸೂದು ಬ್ಯಾಡ. ತೆರೆಸ್ರಿ," ಎಂದಳು. ಚಿತ್ರದ ಚೌಕಟ್ಟನ್ನು ಸೆರಗಿನಿಂದ ಒರೆಸುತ್ತ, "ಆದ್ರ ಅಣ್ಣಾರ, ನನ್ನೊಳಗ ನಿದ್ದಿ ಮಾಡಿದಾಕಿ ಅಂದ್ರ ಆಕಿ ಒಬ್ಬಾಕೀನಽ. ಆಕೀನೂ ಎಬ್ಬಿಸಿದಂಗ ಆಗ್ತೈತಲ್ರಿ" ಎಂದಳು.

ಮಲ್ಲಿಕಸಾಬ ಬಣ್ಣದ ಡಬ್ಬಿಯ ಮುಚ್ಚಳ ಹಾಕಿದ. ಮೂರು ವರ್ಷಕ್ಕೆ ಸಿಕ್ಕ ಕೆಲಸ. ಹೋಗಲಿ, ಕೆಲಸ ಬಿಟ್ಟರೆ ಬಿಟ್ಟಿತು; ದ್ಯಾಮಪ್ಪನಿಗೆ ಏನೆಂದು ಹೇಳುವುದು? ಹೆಂಡತಿ ಬೇಡವೆಂದಳು ಎಂದರೆ ಅವಳಿಗೆ ಆಪತ್ತು. ಇನ್ನು ಹೇಳಲು ಉಳಿದದ್ದು ಒಂದೇ ಮಾತು. ಆ ಮಾತನ್ನು ಅವನು ಜನ್ಮದಲ್ಲಿ ಆಡಿರಲಿಲ್ಲ.

ಸಿಹಿಯ ಪೊಟ್ಟಣ ಹಿಡಿದು ದ್ಯಾಮಪ್ಪ ಬಂದಾಗ ಅಂಗಳದಲ್ಲೇ ತಡೆದು ಹೇಳಿದ: "ಗೌಡ್ರ, ನನ್ನ ಕೈಲೆ ಆಗಲಿಲ್ರಿ."

"ಏನು?"

"ಕಣ್ಣು ತೆರೆಸೋದು ಆಗಲಿಲ್ಲ. ಕೈ ನಡಗ್ತಾವು. ವಯಸ್ಸಾತು."

ದ್ಯಾಮಪ್ಪ ಅವನ ಕೈ ನೋಡಿದ. ಅವು ನಡುಗುತ್ತಿರಲಿಲ್ಲ. ಆದರೆ ಆ ಹೊತ್ತಿಗೆ ಅವನಿಗೆ ಬೇರೆ ಚಿಂತೆ ಇತ್ತು. ಖಾಲಿ ಮೊಳೆ ಬಿಟ್ಟರೆ ಅಪಶಕುನ, ಚಿತ್ರ ಹಾಕಿದರೆ ಅವಮಾನ. ಚಿತ್ರವನ್ನು ಮೊಳೆಗೆ ಹಾಕಿಸಿ, ಅದರ ಮೇಲೆ ಗೊಬ್ಬರದ ಅಂಗಡಿಯವರು ಕೊಟ್ಟ ದೊಡ್ಡ ಕ್ಯಾಲೆಂಡರನ್ನು ಇಳಿಬಿಟ್ಟ. ಮಲ್ಲಿಕಸಾಬನ ಕೈ ಹೋಯಿತು ಎಂಬ ಸುದ್ದಿ ಸಂಜೆಯೊಳಗೆ ಶಿಗ್ಗಾಂವಿಯ ಚಹಾದಂಗಡಿ ಮುಟ್ಟಿತು. ಅದನ್ನು ಕೇಳಿಸಿಕೊಂಡ ಫರ್ಹತ ಅವತ್ತು ಕುಂಚಗಳನ್ನು ತಾನೇ ತೊಳೆದಿಟ್ಟಳು.

ಭಾನುವಾರ ರಟ್ಟೀಹಳ್ಳಿಯವರು ಬಂದರು. ಮಾತುಕತೆ ಎಲ್ಲ ಸುರಳೀತ ನಡೆಯುತ್ತಿತ್ತು, ಕರೆಂಟು ಬರುವವರೆಗೆ. ಕರೆಂಟು ಬಂತು, ಫ್ಯಾನು ತಿರುಗಿತು, ಕ್ಯಾಲೆಂಡರು ಪಟಪಟ ಎಂದು ಮೇಲೆದ್ದಿತು. ಜನವರಿಯಿಂದ ಡಿಸೆಂಬರಿನವರೆಗೆ ಇಡೀ ವರ್ಷ ಹಾರಾಡಿ, ಕೆಳಗಿನಿಂದ ಸರೋಜವ್ವನ ಮಲಗಿದ ಮುಖ ಕಾಣುವುದು, ಮುಚ್ಚುವುದು, ಕಾಣುವುದು. ದ್ಯಾಮಪ್ಪ ಫ್ಯಾನು ಆರಿಸಲು ಎದ್ದ. ಹುಡುಗಿ ತನುಜಾ ಅವನಿಗಿಂತ ಮೊದಲೇ ಎದ್ದು ಹೋಗಿ ಕ್ಯಾಲೆಂಡರನ್ನು ಕೈಯಲ್ಲಿ ಎತ್ತಿ ಹಿಡಿದು ನೋಡಿದಳು. ಅದನ್ನೂ ನೋಡಿದಳು, ಪಕ್ಕದಲ್ಲಿ ಕೋಟು ರುಮಾಲಿನಲ್ಲಿ ಕಣ್ಣರಳಿಸಿ ಕೂತ ಮಾವನಾಗುವವನನ್ನೂ ನೋಡಿದಳು. ಆಮೇಲೆ ಏನೋ ಅಂದಳು. ಎಲ್ಲರೂ ನಕ್ಕರು. ಸಂಬಂಧ ಕುದುರಿತು.

ಇದೆಲ್ಲ ಮಲ್ಲಿಕಸಾಬನಿಗೆ ಗೊತ್ತಾದದ್ದು ಮಂಗಳವಾರ. ಅವತ್ತು ದ್ಯಾಮಪ್ಪ ಮತ್ತೆ ಜಮಖಾನೆ ಸುತ್ತಿದ ಚೌಕಟ್ಟು ಹೊತ್ತು ಸ್ಟುಡಿಯೋಕ್ಕೆ ಬಂದ. ಮತ್ತೆ ಸರೋಜವ್ವನೇ ಬಂದಳು ಎಂದುಕೊಂಡ ಮಲ್ಲಿಕಸಾಬ. ಜಮಖಾನೆ ಸರಿಸಿದರೆ, ಒಳಗೆ ಇದ್ದದ್ದು ದ್ಯಾಮಪ್ಪನ ಚಿತ್ರವೇ.

"ಇದರ ಕಣ್ಣು ಒಂದೀಟು ಇಳಿಸಿಕೊಡ್ರಿ."

"ನೀವಽ ದೊಡ್ಡದು ಮಾಡಿಸ್ಕೊಂಡಿದ್ರೆಲ್ರಿ ಗೌಡ್ರ?"

"ಮಾಡಿಸ್ಕೊಂಡಿದ್ದೆ. ಈಗ ಆಕಿ ಬಾಜೂಕ ಹಾಕಿದ ಮ್ಯಾಲೆ ನೋಡ್ರಿ ಹೆಂಗ ಕಾಣ್ತೇನಿ! ಆಕಿ ಮಲಗ್ಯಾಳ, ನಾ ಹುಲಿಯಂಗ ಕಣ್ಣು ಬಿಡಾಕತ್ತೇನಿ. ಆ ಹುಡುಗಿ ಎಲ್ಲಾರ ಮುಂದ ಕೇಳಿಬಿಡ್ತು, ಮಾವಾರು ಅತ್ತೀನ ಕಾಯಾಕತ್ತಾರೋ, ಎಬ್ಬಿಸಾಕ ಹೊಂಟಾರೋ ಅಂತ." ದ್ಯಾಮಪ್ಪನ ದನಿ ಏರಿತು. ಅವನಿಗೆ ನಿಜವಾಗಿ ನೋವಾಗಿತ್ತು. "ನಾ ಎಬ್ಬಿಸಾಂವ ಅಲ್ರಿ! ಆ ಪ್ರಿಯಂವದಾ ಬಾಯಾರು ಐದನೇ ವಾರಾನಽ ಬಾಯಿ ತಪ್ಪಿ ನನಗ ಅಂದಿದ್ರು, ಚಿತ್ರ ಮುಗೀತು ಅಂತ. ಆಮ್ಯಾಲೂ ನಾಕು ವಾರ ಕರಕೊಂಡು ಹೋಗಿ ಬಿಟ್ಟು, ಹೊರಗ ಗಾಡೀ ಮ್ಯಾಲೆ ಕುಂತಿದ್ದೆ. ಮಲಗಲಿ ಅಂತ. ಊರಿಗೆ ತೋರಿಸೂದು ಬ್ಯಾಡಾಗಿತ್ತು ಅಷ್ಟಽ. ಈಗ ತೋರಿಸಿ ಆತು. ಖರೇ ಏನೈತಿ ಅದಾರ ಕಾಣಲಿ."

ಮಲ್ಲಿಕಸಾಬ ಚಿತ್ರವನ್ನು ಕಿಟಕಿಯ ಬೆಳಕಿಗೆ ತಿರುಗಿಸಿಕೊಂಡ. ಮಾತಾಡಿದ್ದರೆ ಸರೋಜವ್ವನ ಗುಟ್ಟು ಹೊರಬೀಳುತ್ತಿತ್ತು. ಹೊರಬೀಳಲು ಅದರಲ್ಲೇನೂ ಉಳಿದಿರಲಿಲ್ಲ ಎಂಬುದು ಬೇರೆ.

"ನಿಮ್ಮ ಕೈ ನಡಗ್ತಾವಂದ್ರೆಲ್ಲ?" ಎಂದ ದ್ಯಾಮಪ್ಪ ಸ್ಟೂಲಿನ ಮೇಲೆ ಕೂರುತ್ತ.

"ಇವತ್ತು ಆರಾಮ ಅದಾವ್ರಿ" ಎಂದ ಮಲ್ಲಿಕಸಾಬ. ಫರ್ಹತ ಆಗಲೇ ಡಬ್ಬಿ ತಂದಿಟ್ಟಿದ್ದಳು.

ರೆಪ್ಪೆ ಇಳಿಸಿ ಬರೆಯುವುದು ಅವನಿಗೂ ಇದೇ ಮೊದಲು. ಇಲ್ಲಿಯವರೆಗೆ ಎತ್ತಿಯೇ ಗೊತ್ತು. ಒಂದು ನೂಲಿನಷ್ಟು ಇಳಿಸಿದ, ಇನ್ನೊಂದು ನೂಲಿನಷ್ಟು. ಗೌಡನ ಮುಖದ ಗತ್ತು ಹೋಗಿ, ಸ್ಟೂಲಿನ ಮೇಲೆ ಕೂತಿದ್ದ ದ್ಯಾಮಪ್ಪನ ಹತ್ತಿರಕ್ಕೆ ಬರತೊಡಗಿತು.

"ಪೂರಾ ಮುಚ್ಚಿಬಿಡ್ಲೇನ್ರಿ? ಜೋಡಿ ಆಗ್ತೈತಿ."

"ಬ್ಯಾಡ ಬ್ಯಾಡ" ಎಂದ ದ್ಯಾಮಪ್ಪ ಗಾಬರಿಯಿಂದ. "ಹಾಲಿಟ್ಟಿರ್ತೈತಿ ಒಲಿ ಮ್ಯಾಲೆ. ಆಕಿ ಮಲಗಬೇಕಂದ್ರ ಮನ್ಯಾಗ ಯಾರರ ಒಬ್ಬರು ಎಚ್ಚರ ಇರಬೇಕಲ್ರಿ."

ಮಲ್ಲಿಕಸಾಬ ಕುಂಚವನ್ನು ಬಿಳಿ ಬಣ್ಣದಲ್ಲಿ ಅದ್ದಿದ. ಕೈ ರೂಢಿಯಂತೆ ಗುಡ್ಡೆಯ ಮೇಲೆ ಎಡಕ್ಕೆ ಹೋಯಿತು. ಅಲ್ಲಿ ಹಳೆಯ ಚುಕ್ಕೆ ಇನ್ನೂ ಇತ್ತು. ಅದನ್ನು ಬೆರಳಿನಿಂದ ಒರೆಸಲು ನೋಡಿದ, ಹೋಗಲಿಲ್ಲ. ಕಪ್ಪು ಬಣ್ಣ ಹಚ್ಚಿ ಮುಚ್ಚಿದ.

"ನಿಮ್ಮ ಪಡಸಾಲ್ಯಾಗ ಈ ಚಿತ್ರದ ಎದುರಿಗೆ ಕುಂತ್ರ ಅಡಿಗಿಮನಿ ಯಾವ ಬಾಜೂಕ ಬರ್ತೈತ್ರಿ ಗೌಡ್ರ?"

"ಬಲಕ್ಕ" ಎಂದ ದ್ಯಾಮಪ್ಪ.

ಮಲ್ಲಿಕಸಾಬ ಬಲಕ್ಕೆ ಚುಕ್ಕೆ ಇಟ್ಟ.